ಮಾಯಾ ಮನೆಯ ರೊಟ್ಟಿಗೆ ಸುಣ್ಣ ಯಾಕೆ? ಅತಿಥಿಯಾಗಿ ಹೋಗುವವರು ತಿಳಿಯಬೇಕಾದ ಸಂಗತಿಗಳು

ಕೊಯ್ಲಿನ ದಿನಗಳಲ್ಲಿ ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಬಸ್ಸಿನಲ್ಲಿ ಹೋದರೆ ರಸ್ತೆಯ ಅಂಚಿನಲ್ಲಿ ಅಲ್ಲಲ್ಲಿ ಹಳದಿ ಹಾಸು ಹಾಸಿದಂತೆ ಕಾಣುತ್ತದೆ. ಅದು ರೈತರು ಒಣಹಾಕಿದ ಮೆಕ್ಕೆಜೋಳ. ಇಷ್ಟೆಲ್ಲ ಬೆಳೆಯುವ ನಾವು ಅದನ್ನು ತಿನ್ನುವುದು ಮಾತ್ರ ಬಹಳ ಕಡಿಮೆ. ಮಳೆಗಾಲದ ಸಂಜೆ ಕೆಂಡದಲ್ಲಿ ಸುಟ್ಟ ಒಂದು ತೆನೆ, ಸಿನಿಮಾ ನೋಡುವಾಗ ಒಂದು ಪೊಟ್ಟಣ ಪಾಪ್‌ಕಾರ್ನ್, ಅಷ್ಟೆ. ಉಳಿದದ್ದರಲ್ಲಿ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ.

ಭೂಮಿಯ ಇನ್ನೊಂದು ಬದಿಯಲ್ಲಿ, ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ, ಇದೇ ಕಾಳಿಲ್ಲದೆ ಊಟವೇ ಇಲ್ಲ. ಅಲ್ಲಿನ ಮಾಯಾ ಭಾಷೆಗಳಲ್ಲಿ ಕೆಲವು 'ವಾ' ಎಂಬ ಒಂದೇ ಪದದಿಂದ ಮೆಕ್ಕೆಜೋಳದ ರೊಟ್ಟಿಯನ್ನೂ ಊಟವನ್ನೂ ಸೂಚಿಸುತ್ತವೆ. ನಾವು 'ಅನ್ನ ಹಾಕಿದ ಮನೆ' ಎನ್ನುವಾಗ 'ಅನ್ನ' ಬರೀ ಅಕ್ಕಿಯ ಅನ್ನವಲ್ಲವಲ್ಲ, ಹಾಗೆ.

ಸ್ಪ್ಯಾನಿಷ್ ಕಲಿಯಲು ಗ್ವಾಟೆಮಾಲಾಕ್ಕೆ ಹೋಗುವ ವಿದೇಶಿ ವಿದ್ಯಾರ್ಥಿಗಳನ್ನು ಅಲ್ಲಿನ ಶಾಲೆಗಳು ಸ್ಥಳೀಯ ಕುಟುಂಬಗಳ ಮನೆಯಲ್ಲೇ ಉಳಿಸುವುದು ವಾಡಿಕೆ. ಅತಿತ್ಲಾನ್ ಸರೋವರದ ಸುತ್ತಲಿನ ಊರುಗಳಲ್ಲಿ ಅಂಥ ಮನೆಗಳಲ್ಲಿ ಹಲವು ಮಾಯಾ ಮನೆಗಳೇ. ಅಂಥ ಅಡುಗೆಮನೆಯಲ್ಲಿ ಕೂತ ಹೊಸಬರಿಗೆ ಒಂದು ದೃಶ್ಯ ಗಾಬರಿ ಹುಟ್ಟಿಸಬಹುದು. ಮನೆಯಾಕೆ ಮೆಕ್ಕೆಜೋಳ ಬೇಯಲು ಇಟ್ಟ ಪಾತ್ರೆಗೆ ಸುಣ್ಣ ಹಾಕುತ್ತಾರೆ! ಗೋಡೆಗೆ ಬಳಿಯುವ, ಎಲೆಗೆ ಹಚ್ಚುವ ಸುಣ್ಣದ ಜಾತಿಯದೇ.

ಊಟಕ್ಕೆ ಸುಣ್ಣ ಹಾಕಬಹುದೇ? ಹೊಟ್ಟೆ ಸುಡುವುದಿಲ್ಲವೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಲಕ್ಷಾಂತರ ಜನರನ್ನು ಕಾಡಿದ ಒಂದು ರೋಗದ ಕಥೆಗೆ ಹೋಗಿ ಮುಟ್ಟುತ್ತೇವೆ.

ಮೊದಲಿಗೆ: ಮಾಯಾ ಜನ ನಾಶವಾಗಲಿಲ್ಲವೇ?

ಇಲ್ಲ. 2012ರ ಡಿಸೆಂಬರ್ 21ಕ್ಕೆ ಪ್ರಪಂಚ ಮುಗಿಯುತ್ತದೆ ಎಂದು ಟಿವಿಗಳು ಹೆದರಿಸಿದ್ದು ನಮಗೆ ನೆನಪಿದೆ. ಅಂದು ಮಾಯಾ ಪಂಚಾಂಗದ ಒಂದು ದೊಡ್ಡ ಸುತ್ತು ಮುಗಿದು ಮುಂದಿನದು ಶುರುವಾಯಿತು, ನಮ್ಮಲ್ಲಿ ಒಂದು ಸಂವತ್ಸರ ಮುಗಿದು ಇನ್ನೊಂದು ಬರುವಂತೆ. ಆ ಗದ್ದಲದಲ್ಲಿ ಮಾಯಾ ಜನ ಈಗಲೂ ಇದ್ದಾರೆ ಎಂಬುದನ್ನೇ ಎಷ್ಟೋ ಜನ ಗಮನಿಸಲಿಲ್ಲ. ಪಾಳುಬಿದ್ದದ್ದು ಅವರ ಕೆಲವು ಪ್ರಾಚೀನ ನಗರಗಳು, ಜನಾಂಗವಲ್ಲ. ಗ್ವಾಟೆಮಾಲಾದ 2018ರ ಜನಗಣತಿಯಲ್ಲಿ ಶೇ. 41.7ರಷ್ಟು ಜನ, ಅಂದರೆ ಸುಮಾರು 62 ಲಕ್ಷ ಮಂದಿ, ತಾವು ಮಾಯಾ ಎಂದು ಬರೆಸಿದ್ದಾರೆ. ಮೆಕ್ಸಿಕೋ, ಬೆಲೀಝ್ ದೇಶಗಳಲ್ಲೂ ಅವರಿದ್ದಾರೆ. ಗ್ವಾಟೆಮಾಲಾ ಒಂದರಲ್ಲೇ 22 ಮಾಯಾ ಭಾಷೆಗಳಿಗೆ ಮಾನ್ಯತೆ ಇದೆ.

ಸುಣ್ಣ ಮಾಡುವ ಕೆಲಸ

ಒಣಗಿದ ಮೆಕ್ಕೆಜೋಳದ ಕಾಳಿನ ಸಿಪ್ಪೆ ಬಹಳ ಗಟ್ಟಿ. ಬರೀ ನೀರಿನಲ್ಲಿ ಎಷ್ಟು ಬೇಯಿಸಿದರೂ ಅದು ಸುಲಭಕ್ಕೆ ಬಿಡುವುದಿಲ್ಲ. ಮಾಯಾ ಮನೆಯಲ್ಲಿ ಕಾಳಿನ ತೂಕದ ನೂರನೇ ಒಂದು ಭಾಗದಷ್ಟು, ಅಂದರೆ ಕಿಲೋಗೆ ಸುಮಾರು 10 ಗ್ರಾಂ, ಅರಳಿದ ಸುಣ್ಣವನ್ನು ನೀರಿಗೆ ಹಾಕಿ ಕಾಳನ್ನು ಬೇಯಿಸುತ್ತಾರೆ. ಒಲೆ ಆರಿಸಿ ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಡುತ್ತಾರೆ. ಬೆಳಗ್ಗೆ ಆ ಹಳದಿ ನೀರು ಚೆಲ್ಲಿ, ಕಾಳನ್ನು ಎರಡು ಮೂರು ಸಲ ತಿಕ್ಕಿ ತೊಳೆದರೆ ಸಿಪ್ಪೆ ಕಳಚಿಕೊಂಡು ಬರುತ್ತದೆ. ಹೀಗೆ ತಯಾರಾದ ಕಾಳಿಗೆ 'ನಿಕ್ಸ್‌ತಮಾಲ್' ಎಂದು ಹೆಸರು. ಇದು ಮೆಕ್ಸಿಕೋದ ನವಾತ್ಲ್ ಭಾಷೆಯ ಪದ, ಅದರ ಮೊದಲ ಭಾಗದ ಅರ್ಥ ಬೂದಿ. ಸುಣ್ಣ ಸಿಗದ ಕಡೆ ಒಲೆಯ ಬೂದಿಯಿಂದಲೂ ಇದೇ ಕೆಲಸವಾಗುತ್ತದೆ, ಏಕೆಂದರೆ ಎರಡೂ ಕ್ಷಾರಗಳು.

ತೊಳೆದ ಕಾಳನ್ನು ಕಲ್ಲಿನ ಮೇಲೆ ಅರೆಯುತ್ತಾರೆ. ಈಗ ಹೆಚ್ಚಿನ ಮನೆಯವರು ಊರಿನ ಮಿಲ್ಲಿಗೆ ಒಯ್ದು ಅರೆಸಿ ತರುತ್ತಾರೆ. ಆ ಹಿಟ್ಟನ್ನು ಎರಡೂ ಅಂಗೈ ನಡುವೆ ತಟ್ಟಿ, ಕಾವಲಿಯ ಮೇಲೆ ಬೇಯಿಸಿದರೆ ಟೋರ್ಟಿಯಾ.

ಮೆಕ್ಕೆಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ. ಸುಣ್ಣ ಸಿಪ್ಪೆಯ ನಾರನ್ನು ಕರಗಿಸಿ ಅಂಟಿನಂತೆ ಮಾಡುತ್ತದೆ, ಬಿಸಿ ಪಿಷ್ಟವನ್ನು ಸ್ವಲ್ಪ ಬೇಯಿಸುತ್ತದೆ, ಹಾಗಾಗಿ ಹಿಟ್ಟು ಬಿರಿಯುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ರೊಟ್ಟಿಗೆ ಅಕ್ಕಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಉಕ್ಕರಿಸುವುದರ ಹಿಂದೆಯೂ ಇದೇ ಲೆಕ್ಕಾಚಾರವಿದೆ. ಅಕ್ಕಿಯಲ್ಲೂ ಗ್ಲುಟೆನ್ ಇಲ್ಲ. ಅರ್ಧ ಬೆಂದ ಪಿಷ್ಟವೇ ಅಲ್ಲಿ ಅಂಟು.

ಆದರೆ ಸುಣ್ಣದ ದೊಡ್ಡ ಉಪಕಾರ ಕಣ್ಣಿಗೆ ಕಾಣುವುದಿಲ್ಲ. ಮೆಕ್ಕೆಜೋಳದಲ್ಲಿ ನಯಾಸಿನ್ (ಬಿ3 ಜೀವಸತ್ವ) ಇದೆ, ಆದರೆ ಅದರಲ್ಲಿ ಹೆಚ್ಚಿನದು ಬೇರೆ ವಸ್ತುಗಳಿಗೆ ಕಟ್ಟಿಕೊಂಡಿರುತ್ತದೆ. ನಮ್ಮ ಕರುಳಿಗೆ ಆ ಗಂಟು ಬಿಚ್ಚಲು ಬರುವುದಿಲ್ಲ. ಕ್ಷಾರದಲ್ಲಿ ಬೇಯಿಸಿದಾಗ ಗಂಟು ಬಿಚ್ಚಿ ನಯಾಸಿನ್ ದೇಹಕ್ಕೆ ಸಿಗುತ್ತದೆ. ಜೊತೆಗೆ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಹಲವು ಪಟ್ಟು ಹೆಚ್ಚುತ್ತದೆ. ಬೂಷ್ಟಿನಿಂದ ಕಾಳಿಗೆ ಸೇರುವ ಕೆಲವು ವಿಷಗಳೂ ತೊಳೆದ ನೀರಿನ ಜೊತೆ ಕಡಿಮೆಯಾಗುತ್ತವೆ. ಹೆಚ್ಚಿನ ಸುಣ್ಣವೂ ಆ ನೀರಿನಲ್ಲೇ ಹೋಗುವುದರಿಂದ ಹೊಟ್ಟೆ ಸುಡುವ ಪ್ರಶ್ನೆ ಬರುವುದಿಲ್ಲ.

ಈ ಪದ್ಧತಿ 3,000 ವರ್ಷಗಳಿಗೂ ಹಳೆಯದು. ಜೀವಸತ್ವ ಎಂಬ ಮಾತು ಹುಟ್ಟಿ ನೂರು ವರ್ಷದ ಮೇಲಾಯಿತು, ಅಷ್ಟೆ. ಅಜ್ಜಿಯರಿಗೆ ಕಾರಣ ತಿಳಿದಿರಲಿಲ್ಲ, ಆದರೆ ಹೀಗೆ ಮಾಡಿದ ರೊಟ್ಟಿ ಹದವಾಗಿ ಬರುತ್ತದೆ, ತಿಂದವರು ಗಟ್ಟಿಯಾಗಿರುತ್ತಾರೆ ಎಂಬುದು ಗೊತ್ತಿತ್ತು.

ಕಾಳು ಹಡಗು ಹತ್ತಿತು, ಸುಣ್ಣ ಹತ್ತಲಿಲ್ಲ

ಕೊಲಂಬಸ್‌ನ ನಂತರ ಸ್ಪೇನಿನವರು ಮೆಕ್ಕೆಜೋಳವನ್ನು ಯುರೋಪಿಗೆ ಒಯ್ದರು. ಎಕರೆಗೆ ಒಳ್ಳೆ ಇಳುವರಿ, ಅಗ್ಗದ ಹಿಟ್ಟು. ಬಡವರ ಊಟವಾಗಿ ಅದು ಬೇಗ ಹರಡಿತು. ಸುಣ್ಣದಲ್ಲಿ ಬೇಯಿಸುವ ಕ್ರಮ ಮಾತ್ರ ಜೊತೆಗೆ ಹೋಗಲಿಲ್ಲ. ಅದು ಕಾಡುಜನರ ಅನಗತ್ಯ ಶ್ರಮ, ನಮ್ಮ ಗಿರಣಿ ಇನ್ನೂ ನುಣ್ಣಗೆ ಬೀಸುತ್ತದೆ ಎಂದು ಬಿಟ್ಟವರೇ ಹೆಚ್ಚು.

1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಾಸಾಲ್ ಬಡ ರೈತರಲ್ಲಿ ಒಂದು ವಿಚಿತ್ರ ರೋಗವನ್ನು ಗುರುತಿಸಿದರು. ಬಿಸಿಲು ತಾಗುವ ಕೈ, ಕಾಲು, ಕತ್ತಿನ ಚರ್ಮ ಕಪ್ಪಾಗಿ ಒರಟಾಗುತ್ತಿತ್ತು. ಮುಂದೆ ಭೇದಿ, ಆಮೇಲೆ ಬುದ್ಧಿಭ್ರಮೆ, ಕೊನೆಗೆ ಸಾವು. 1771ರಲ್ಲಿ ಇಟಲಿಯಲ್ಲಿ ಇದಕ್ಕೆ 'ಒರಟು ಚರ್ಮ' ಎಂಬ ಅರ್ಥದ ಪೆಲಾಗ್ರಾ ಎಂಬ ಹೆಸರು ಬಂತು. 20ನೇ ಶತಮಾನದ ಆರಂಭದಲ್ಲಿ ಅದು ಅಮೆರಿಕದ ದಕ್ಷಿಣ ರಾಜ್ಯಗಳನ್ನು ಹಿಡಿಯಿತು. 1906ರಿಂದ 1940ರ ನಡುವೆ ಅಲ್ಲಿ ಸುಮಾರು 30 ಲಕ್ಷ ಜನರಿಗೆ ಈ ರೋಗ ತಗುಲಿತು, ಸುಮಾರು 1 ಲಕ್ಷ ಜನ ಸತ್ತರು ಎಂಬುದು ಅಂದಾಜು.

ಇದು ಅಂಟುರೋಗ ಎಂದೇ ಹೆಚ್ಚಿನ ವೈದ್ಯರು ನಂಬಿದ್ದರು. 1914ರಲ್ಲಿ ತನಿಖೆಗೆ ಬಂದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸಂಗತಿ ಗಮನಿಸಿದರು: ಅನಾಥಾಲಯದ ಮಕ್ಕಳಿಗೆ ರೋಗವಿದೆ, ಅದೇ ಕಟ್ಟಡದಲ್ಲಿರುವ ಸಿಬ್ಬಂದಿಗೆ ಇಲ್ಲ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. 1915ರಲ್ಲಿ ಅವರು ಮಿಸಿಸಿಪ್ಪಿಯ ಜೈಲು ತೋಟವೊಂದರ ಕೈದಿಗಳಿಗೆ, ಬಿಡುಗಡೆಯ ಭರವಸೆ ಕೊಟ್ಟು, ಮೆಕ್ಕೆಜೋಳವೇ ಮುಖ್ಯವಾದ ಬಡವರ ಊಟ ಹಾಕಿಸಿದರು. ತಿಂಗಳುಗಳಲ್ಲಿ 11 ಜನರಲ್ಲಿ 6 ಜನಕ್ಕೆ ಪೆಲಾಗ್ರಾ ಬಂತು. ಇವತ್ತಿನ ನೀತಿಗೆ ಒಪ್ಪದ ಪ್ರಯೋಗ ಅದು, ಆದರೆ ಉತ್ತರ ಸ್ಪಷ್ಟವಾಯಿತು. ಆಗಲೂ ಎಷ್ಟೋ ಜನ ನಂಬಲಿಲ್ಲ, ಬಡತನವೇ ಕಾರಣ ಎಂದು ಒಪ್ಪಲು ಯಾರಿಗೆ ಇಷ್ಟ? 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮ್ ಕೊರತೆಯಾಗಿದ್ದ ವಸ್ತು ನಿಕೋಟಿನಿಕ್ ಆಮ್ಲ, ಅಂದರೆ ನಯಾಸಿನ್, ಎಂದು ತೋರಿಸಿದರು.

ಅಷ್ಟು ಶತಮಾನ ಮೆಕ್ಕೆಜೋಳವನ್ನೇ ತಿಂದ ಮಾಯಾ ಜನರಲ್ಲಿ ಪೆಲಾಗ್ರಾ ಹೀಗೆ ಹರಡದಿರಲು ಸುಣ್ಣದ ಜೊತೆ ಇನ್ನೊಂದು ಕಾರಣವೂ ಇದೆ. ಅವರು ಅದನ್ನು ಒಂದನ್ನೇ ತಿನ್ನುವುದಿಲ್ಲ. ಬೀನ್ಸ್ ಕಾಳು, ಕುಂಬಳ, ಮೆಣಸಿನಕಾಯಿ, ಸೊಪ್ಪು ಜೊತೆಗಿರುತ್ತವೆ. ಮೆಕ್ಕೆಜೋಳದಲ್ಲಿ ಕಡಿಮೆ ಇರುವ ಲೈಸಿನ್, ಟ್ರಿಪ್ಟೊಫಾನ್ ಕಾಳಿನಲ್ಲಿ ಸಿಗುತ್ತವೆ. ದೇಹ ಟ್ರಿಪ್ಟೊಫಾನ್‌ನಿಂದಲೂ ಸ್ವಲ್ಪ ನಯಾಸಿನ್ ಮಾಡಿಕೊಳ್ಳುತ್ತದೆ.

ನಮ್ಮಲ್ಲೂ ಪೆಲಾಗ್ರಾ ಇತ್ತೇ?

ಇತ್ತು. ದಖ್ಖನ್ ಪ್ರಸ್ಥಭೂಮಿಯ ಬಡ ಕೂಲಿ ಕುಟುಂಬಗಳಲ್ಲಿ, ಬಿಳಿಜೋಳವೇ ಊಟವಾಗಿದ್ದವರಲ್ಲಿ, ಅದು ಕಂಡಿತ್ತು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಈ ಬಗ್ಗೆ ಬರೆದರು. ಬಿಳಿಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ನಯಾಸಿನ್ ಬಳಕೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ವಾದ. ಅದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ರೊಟ್ಟಿ ತಿನ್ನುವವರು ಗಾಬರಿಯಾಗಬೇಕಿಲ್ಲ. ಉತ್ತರ ಕರ್ನಾಟಕದ ಊಟದ ಪದ್ಧತಿಯಲ್ಲೇ ಮದ್ದಿದೆ: ರೊಟ್ಟಿಯ ಜೊತೆ ಕಾಳುಪಲ್ಯ, ಸೊಪ್ಪು, ಶೇಂಗಾ ಚಟ್ನಿ. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ಅಪಾಯ ಬರುವುದು ಬಡತನದಿಂದ ಚಟ್ನಿ, ಪಲ್ಯ ಹೋಗಿ ಬರೀ ರೊಟ್ಟಿ ಉಳಿದಾಗ.

ಹಾಗಾದರೆ ನಾವು ಮೆಕ್ಕೆಜೋಳಕ್ಕೆ ಸುಣ್ಣ ಹಾಕಬೇಕೇ? ಅಪರೂಪಕ್ಕೆ ತಿನ್ನುವವರಿಗೆ ಬೇಕಿಲ್ಲ, ನಯಾಸಿನ್ ನಮಗೆ ಬೇರೆ ಕಡೆಯಿಂದ ಸಿಗುತ್ತದೆ. ಟೋರ್ಟಿಯಾ ಮಾಡಿ ನೋಡುವ ಆಸೆಯಿದ್ದರೆ ತಿನ್ನಲು ಯೋಗ್ಯವೆಂದು ಮಾರುವ ಅರಳಿದ ಸುಣ್ಣವನ್ನೇ ಬಳಸಿ. ಗೋಡೆ ಸುಣ್ಣ ಬೇಡ, ಅದರಲ್ಲಿ ಏನೇನು ಸೇರಿದೆಯೋ ಹೇಳಲಾಗದು. ಸುಟ್ಟ ಸುಣ್ಣವಂತೂ ಕಣ್ಣು, ಚರ್ಮವನ್ನು ಸುಡುತ್ತದೆ. ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಸ್ಟೀಲ್ ಪಾತ್ರೆ ಇರಲಿ.

ಅದೇ ಸುಣ್ಣ, ಎಲೆ ಅಡಿಕೆಯಲ್ಲಿ

'ಸುಣ್ಣ ಅಷ್ಟು ಒಳ್ಳೆಯದಾದರೆ ಎಲೆ ಅಡಿಕೆಯಲ್ಲೂ ಒಳ್ಳೆಯದೇ ಅಲ್ಲವೇ?' ಅಡಿಕೆ ಮಂಡಿಯ ಊರಾದ ಶಿವಮೊಗ್ಗದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕಹಿಯಾದರೂ ಹೇಳಬೇಕು. ಮೆಕ್ಕೆಜೋಳದಲ್ಲಿ ನಯಾಸಿನ್ ಬಿಡಿಸಿದ ಕ್ಷಾರವೇ ಬಾಯಿಯಲ್ಲಿ ಅಡಿಕೆಯ ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳ ಮೇಲೆ ಕೆಲಸ ಮಾಡಿ ಅವನ್ನು ಬೇರೆ ರೂಪಕ್ಕೆ ತಿರುಗಿಸುತ್ತದೆ, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಕಣಗಳೂ ಹುಟ್ಟುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಸೇರಿಸದ ಎಲೆ ಅಡಿಕೆಯನ್ನೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನವೂ ಜಗಿಯುವವರಲ್ಲಿ ಬಾಯಿ ಗಟ್ಟಿಯಾಗಿ ತೆರೆಯಲಾಗದ ಸ್ಥಿತಿಯೂ ಬರಬಹುದು.

ಊಟದ ಕೊನೆಗೆ ತಾಂಬೂಲ ಕೊಡುವುದು ನಮ್ಮ ಗೌರವದ ಪದ್ಧತಿ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಜಗಿಯದೆ ಮನೆಗೆ ಒಯ್ದರೂ ಗೌರವಕ್ಕೆ ಕುಂದಿಲ್ಲ.

ನಮ್ಮ ಏಲಕ್ಕಿ ಅವರ ಹೊಲದಲ್ಲಿ

ಮೆಕ್ಕೆಜೋಳ ಇತ್ತ ಬಂದಂತೆ ಇಲ್ಲಿಂದ ಒಂದು ಬೆಳೆ ಅತ್ತ ಹೋಗಿದೆ. ಏಲಕ್ಕಿಯ ತವರು ಪಶ್ಚಿಮ ಘಟ್ಟ. 20ನೇ ಶತಮಾನದ ಆರಂಭದಲ್ಲಿ ಗ್ವಾಟೆಮಾಲಾದ ಕೋಬಾನ್ ಸೀಮೆಗೆ ಜರ್ಮನ್ ಕಾಫಿ ಪ್ಲಾಂಟರ್ ಒಬ್ಬರು ಅದನ್ನು ತಂದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ. ಬೆಳೆಯುವವರಲ್ಲಿ ಹೆಚ್ಚಿನವರು ಕೆಕ್‌ಚಿ ಎಂಬ ಮಾಯಾ ಸಮುದಾಯದ ಸಣ್ಣ ರೈತರು. ಆದರೆ ಅವರ ಅಡುಗೆಮನೆಯಲ್ಲಿ ಏಲಕ್ಕಿಗೆ ಜಾಗವೇ ಇಲ್ಲವೆನ್ನಬಹುದು. ಬೆಳೆದದ್ದು ಬಹುಪಾಲು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ.

ಅವರು ತಿನ್ನದೆ ಏಲಕ್ಕಿ ಬೆಳೆಯುತ್ತಾರೆ, ನಾವು ತಿನ್ನದೆ ಮೆಕ್ಕೆಜೋಳ ಬೆಳೆಯುತ್ತೇವೆ. ವ್ಯಾಪಾರಿಯ ಜೊತೆ ಬೀಜ ಬರುತ್ತದೆ. ಅದನ್ನು ಹೇಗೆ ಅಡುಗೆ ಮಾಡಬೇಕು ಎಂಬುದು ಒಂದೇ ಒಲೆಯ ಮುಂದೆ ಕೂತವರಿಂದ ಬರಬೇಕು. ಶಿವಮೊಗ್ಗದಿಂದ ಹೋದ ಅತಿಥಿ ಕೆಕ್‌ಚಿ ಮನೆಯಲ್ಲಿ ಅವರದೇ ಏಲಕ್ಕಿ ಕುಟ್ಟಿ ಪಾಯಸ ಮಾಡಿಕೊಟ್ಟರೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇರಲಾರದು.

ಹೋಲಿಕೆ ಇದ್ದರೆ ನಂಟು ಇದ್ದಂತೆಯೇ?

ಮಾಯಾ ಪದ್ಧತಿಗಳನ್ನು ನೋಡಿದಾಗ ಮಲೆನಾಡು ನೆನಪಾಗುವುದು ಸಹಜ. ಮೂರು ಕಲ್ಲಿನ ಒಲೆ ಅಲ್ಲೂ ಇದೆ. ನಾವು ಎಲೆಯಲ್ಲಿ ಕಡುಬು ಬೇಯಿಸಿದಂತೆ ಅವರು ಎಲೆಯಲ್ಲಿ ಸುತ್ತಿ ತಮಾಲೆ ಬೇಯಿಸುತ್ತಾರೆ. ಭೂಮಿ ಹುಣ್ಣಿಮೆಯಂದು ನಮ್ಮ ಜಿಲ್ಲೆಯ ರೈತರು ಬುಟ್ಟಿಗೆ ಚಿತ್ತಾರ ಬರೆದು, ಅದರಲ್ಲಿ ಅಡುಗೆ ಹೊತ್ತು ಗದ್ದೆಗೆ ಚರಗ ಚೆಲ್ಲಿದಂತೆ, ಕೆಕ್‌ಚಿ ರೈತರು ಬಿತ್ತನೆಗೆ ಮುನ್ನ ಬೆಟ್ಟ ಕಣಿವೆಗಳ ಒಡೆಯನಾದ ದೈವಕ್ಕೆ ಧೂಪ, ಮೇಣದಬತ್ತಿ, ಊಟ ಅರ್ಪಿಸುತ್ತಾರೆ. ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಎಡೆ ಇಡುವಂತೆ ಮೆಕ್ಸಿಕೋದ ಯುಕಟಾನ್‌ನ ಮಾಯಾ ಜನ ಅಕ್ಟೋಬರ್ ಕೊನೆ, ನವೆಂಬರ್ ಆರಂಭದಲ್ಲಿ 'ಹನಾಲ್ ಪಿಶಾನ್', ಅಂದರೆ ಆತ್ಮಗಳ ಊಟ, ಬಡಿಸುತ್ತಾರೆ.

ಇಷ್ಟಕ್ಕೇ 'ಮಾಯಾ ಜನ ಮಯಾಸುರನ ವಂಶ' ಎಂದು ಹೇಳುವ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ತಿರುಗುತ್ತವೆ. ಹೆಸರಿನ ಸದ್ದು ಒಂದೇ ಎಂಬುದನ್ನು ಬಿಟ್ಟರೆ ಅದಕ್ಕೆ ಆಧಾರವಿಲ್ಲ. ಕಾಳು ಬೆಳೆಯುವ, ಮಳೆ ನಂಬುವ, ಸತ್ತವರನ್ನು ನೆನೆಯುವ ಜನ ಬೇರೆ ಬೇರೆ ಕಡೆ ತಾವಾಗಿಯೇ ಇಂಥ ಪದ್ಧತಿಗಳಿಗೆ ಬರುತ್ತಾರೆ.

ಇನ್ನೊಂದು ವಾದ ವಿದ್ವತ್ ಪತ್ರಿಕೆಯವರೆಗೂ ಹೋಯಿತು. ಸೋಮನಾಥಪುರದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ ಎಂದು 1989ರಲ್ಲಿ ಅಮೆರಿಕದ ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ ವಾದಿಸಿದರು. ಹಾಗಿದ್ದರೆ ಕೊಲಂಬಸ್‌ಗಿಂತ ಮೊದಲೇ ಈ ಬೆಳೆ ಇಲ್ಲಿತ್ತು ಎಂದಾಗುತ್ತಿತ್ತು. ಮೆಕ್ಕೆಜೋಳದ ತಜ್ಞರಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚನ್ 1993ರಲ್ಲಿ ಅದನ್ನು ತಳ್ಳಿಹಾಕಿದರು. ಅದು ಮುತ್ತುಗಳನ್ನು ಪೋಣಿಸಿದಂತೆ ಕಡೆದ ಕಾಲ್ಪನಿಕ ಹಣ್ಣು, ಮುಕ್ತಾಫಲ, ಎಂಬ ವಿವರಣೆ ಹೆಚ್ಚು ಒಪ್ಪುತ್ತದೆ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯವೂ ಹೊಯ್ಸಳರ ಕಾಲದ್ದೇ. ಅಲ್ಲಿಗೆ ಹೋದಾಗ ಶಿಲ್ಪಿಗಳು ಮಣಿಗಳ ಸಾಲನ್ನು ಎಷ್ಟು ಧಾರಾಳವಾಗಿ ಬಳಸಿದ್ದಾರೆ ನೋಡಿ. ಕಲ್ಲಿನಲ್ಲಿ ಮಣಿಸಾಲು ಕಂಡ ತಕ್ಷಣ ಅದು ತೆನೆಯಾಗಬೇಕಿಲ್ಲ.

ಅಮೆರಿಕದ ಬೆಳೆಗಳು ತಡವಾಗಿ ಬಂದವು ಎಂಬುದಕ್ಕೆ ನಮ್ಮ ಮನೆಗಳಲ್ಲೇ ಸುಳಿವಿದೆ. ಸಂಪ್ರದಾಯಸ್ಥರ ಶ್ರಾದ್ಧದ ಅಡುಗೆಯಲ್ಲಿ ಮೆಣಸಿನಕಾಯಿ, ಟೊಮೆಟೊ ಹಾಕುವುದಿಲ್ಲ, ಖಾರಕ್ಕೆ ಕಾಳುಮೆಣಸು. ಹೊಸ ತರಕಾರಿ ದಿನದ ಅಡುಗೆಗೆ ಬಂತು, ಶ್ರಾದ್ಧದ ಅಡುಗೆಗೆ ಬರಲಿಲ್ಲ. ಸೀಮೆಬದನೆಯ ಹೆಸರಲ್ಲೇ 'ಸೀಮೆ' ಇದೆ. ಅದರ ಮೂಲ ಮೆಕ್ಸಿಕೋ, ಗ್ವಾಟೆಮಾಲಾ ಸೀಮೆಯೇ. ಮಾಯಾ ಮನೆಯ ಸಾರಿನಲ್ಲಿ ಅದು ತೇಲುವುದನ್ನು ಕಂಡರೆ ಆಶ್ಚರ್ಯಪಡಬೇಡಿ.

ಅತಿಥಿಗಳು ಕೇಳುವ ಪ್ರಶ್ನೆಗಳು

ಅಲ್ಲಿ ನೀರು ಒಗ್ಗದೆ ಹೊಟ್ಟೆ ಕೆಡುತ್ತದೆಯೇ? ನೀರಿನ 'ಗುಣ' ಬದಲಾದ್ದರಿಂದ ಕೆಡುವುದಿಲ್ಲ. ಪ್ರಯಾಣಿಕರ ಭೇದಿಗೆ ಹೆಚ್ಚಾಗಿ ಕಾರಣ ನೀರು, ಆಹಾರದಲ್ಲಿರುವ ಬ್ಯಾಕ್ಟೀರಿಯಾ. ಊರವರಿಗೆ ಆ ತಳಿಗಳ ಅಭ್ಯಾಸವಿರುತ್ತದೆ, ನಿಮಗಿಲ್ಲ. ಕುದಿಸಿದ ನೀರು, ಬಿಸಿ ಬಿಸಿ ರೊಟ್ಟಿ, ಮೆಕ್ಕೆಜೋಳದ ಬಿಸಿ ಗಂಜಿಯಾದ ಅತೋಲ್ ಸುರಕ್ಷಿತ. ಹಸಿ ತರಕಾರಿ, ಐಸ್ ಬಗ್ಗೆ ಎಚ್ಚರ. ಖಾರ ತಿಂದರೆ ಕ್ರಿಮಿ ಸಾಯುತ್ತದೆ ಎಂಬುದು ಸುಳ್ಳು. ಭೇದಿಯಾದರೆ ಓಆರ್‌ಎಸ್ ಕುಡಿಯಿರಿ. ರಕ್ತ ಬಿದ್ದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಿ.

ಸಸ್ಯಾಹಾರಿಗಳು ಬದುಕಬಹುದೇ? ಟೋರ್ಟಿಯಾ, ಕಪ್ಪು ಬೀನ್ಸ್, ಬೆಣ್ಣೆಹಣ್ಣು, ಸೊಪ್ಪು ಇರುವ ಕಡೆ ಧಾರಾಳವಾಗಿ. ಆದರೆ ಬೀನ್ಸ್ ಹುರಿಯಲು, ತಮಾಲೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದುಂಟು. ಬಡಿಸಿದ ಮೇಲೆ ಬೇಡ ಎನ್ನುವ ಬದಲು ಮೊದಲ ದಿನವೇ ಹೇಳಿಬಿಡಿ.

ಅವರೂ ಉಷ್ಣ, ಶೀತ ಎನ್ನುತ್ತಾರಂತೆ? ಹೌದು. ಮುಟ್ಟಿದರೆ ಗೊತ್ತಾಗುವ ಬಿಸಿಗೂ ಇದಕ್ಕೂ ಸಂಬಂಧವಿಲ್ಲ. ಆಹಾರವನ್ನು ಹೀಗೆ ಭಾಗ ಮಾಡುವುದು ಅಲ್ಲೂ ಇದೆ. ಬಾಣಂತಿಗೆ 'ಶೀತ'ದ ಪದಾರ್ಥ ಬೇಡ ಎಂಬ ಮಾತು ಅಲ್ಲೂ ಕೇಳುತ್ತದೆ. ಒಂದೆರಡು ಪದಾರ್ಥ ಬಿಟ್ಟರೆ ನಷ್ಟವಿಲ್ಲ. ಹಣ್ಣು, ತರಕಾರಿ, ಕಾಳು ಎಲ್ಲ ಬಿಡಿಸಿದರೆ ಬಾಣಂತಿಗೆ ತೊಂದರೆ, ಅದು ಗ್ವಾಟೆಮಾಲಾದಲ್ಲೂ ನಿಜ, ಭದ್ರಾವತಿಯಲ್ಲೂ ನಿಜ.

ಹೇಗೆ ಮಾತಾಡಿಸಬೇಕು? ಕಿಚೆ ಮಾಯಾ ಮನೆಗಳಲ್ಲಿ ಹಿರಿಯ ಹೆಂಗಸರನ್ನು 'ನಾನ್', ಗಂಡಸರನ್ನು 'ತಾತ್' ಎಂದು ಗೌರವದಿಂದ ಕರೆಯುತ್ತಾರೆ. ನಮ್ಮ ಅಮ್ಮ, ಅಪ್ಪ ಇದ್ದ ಹಾಗೆ. ನಮ್ಮಲ್ಲಿ ಊಟವಾದ ಮೇಲೆ ಮನೆಯವರಿಗೆ ಧನ್ಯವಾದ ಹೇಳಿದರೆ 'ಹೊರಗಿನವರ ಹಾಗೆ ಯಾಕೆ?' ಎಂದು ಬೇಸರಿಸಬಹುದು. ಅಲ್ಲಿ ಹೇಳದೆ ಎದ್ದರೆ ಒರಟುತನ. ಕಿಚೆಯಲ್ಲಿ 'ಮಾಲ್ತ್ಯೋಷ್' ಎಂದರೆ ಧನ್ಯವಾದ, ಅದನ್ನು ಕಲಿತು ಹೋಗಿ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಬಂದ ಮೇಲೆ ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳು ಬಂದು ಕನ್ನಡದವರ ಪಕ್ಕದಲ್ಲೇ ಮನೆ ಮಾಡಿದವು. ಅಂಥ ಊರಿನವರಿಗೆ ಒಂದು ಸಂಗತಿ ಹೇಳಿಕೊಡಬೇಕಿಲ್ಲ: ಪಕ್ಕದ ಮನೆಯಿಂದ ಬಂದ ಡಬ್ಬಿಯಲ್ಲಿ ತಿಂಡಿಯಷ್ಟೇ ಇರುತ್ತದೆ, ಅದನ್ನು ಮಾಡುವ ಹದ ಬೇಕಾದರೆ ಅವರ ಅಡುಗೆಮನೆಗೇ ಹೋಗಿ ಕೇಳಬೇಕು. ಯುರೋಪಿನವರು ಮಾಯಾ ಅಡುಗೆಮನೆಯಿಂದ ಕಾಳು ಒಯ್ದರು, ಕೇಳುವುದನ್ನು ಮರೆತರು. ಅತಿಥಿಯಾಗಿ ಹೋದ ಮನೆಯಲ್ಲಿ ವಿಚಿತ್ರವೆನಿಸುವ ಏನಾದರೂ ಕಂಡರೆ ನಗುವ ಮೊದಲು 'ಇದು ಯಾಕೆ ನಾನ್?' ಎಂದು ಕೇಳಿ.